ದ್ರವ ವರ್ಣಲೇಖನ: ಕರೆಯದೆ ಬರುವ ಶಿಖರಗಳು, ನಿಲ್ಲದೆ ತೂಗಾಡುವ ಒತ್ತಡ

ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಓದುಬರಹ ಕಲಿತು, ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸಮಾಡಿದ ಹಲವರು ಇಂದು ಪಟಾನ್‌ಚೆರು, ಜೀಡಿಮೆಟ್ಲ ಮೊದಲಾದ ಕಡೆಗಳ ಔಷಧ ಕಾರ್ಖಾನೆಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ತಂದೆತಾಯಿಗಳನ್ನು “ಮಗನಿಗೆ ಏನು ಕೆಲಸ?” ಎಂದು ಕೇಳಿದರೆ, “ಅದೇನೋ ಎಚ್.ಪಿ.ಎಲ್.ಸಿ. ಅಂತಾರ್ರೀ, ಮಶೀನಿನ ಮುಂದ ಕುಂದ್ರೋ ಕೆಲಸ” ಎಂಬ ಉತ್ತರ ಬರುವುದುಂಟು. ಆ ಯಂತ್ರ ಯಾವುದು, ಅದರ ಮುಂದೆ ಕುಳಿತವರು ಮಾಡುವುದೇನು, ಯಂತ್ರ ಹಟ ಹಿಡಿದಾಗ ಅವರು ಅದನ್ನು ಹೇಗೆ ಸರಿಪಡಿಸುತ್ತಾರೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ. ನಾವು ನುಂಗುವ ಬಹುಪಾಲು ಮಾತ್ರೆಗಳ ಹಿಂದೆ ಇಂಥ ಯಂತ್ರವೊಂದರ ಸಾಕ್ಷಿ ಇರುವುದರಿಂದ, ಈ ವಿಷಯವು ಕಾರ್ಖಾನೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ಭಾವಿಸಬಾರದು.

೧. ವರ್ಣಲೇಖನವೆಂದರೇನು?

ಮಿಖಾಯಿಲ್ ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿಯು ಎಲೆಗಳ ಬಣ್ಣವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದನು. ಅವನು ಒಂದು ಗಾಜಿನ ನಳಿಗೆಯಲ್ಲಿ ಸುಣ್ಣದ ಕಲ್ಲಿನ ನುಣುಪಾದ ಪುಡಿಯನ್ನು ತುಂಬಿ, ಮೇಲಿನಿಂದ ಎಲೆಯ ರಸವನ್ನು ಸುರಿದು, ಅದರ ಮೇಲೆ ಪೆಟ್ರೋಲಿಯಂ ಈಥರನ್ನು ಹರಿಯಬಿಟ್ಟನು. ಹಸಿರೆಂದು ಕಂಡ ರಸವು ಕೆಳಗಿಳಿಯುತ್ತಾ ಹಸಿರು, ಹಳದಿ ಮುಂತಾದ ಬೇರೆ ಬೇರೆ ಪಟ್ಟೆಗಳಾಗಿ ಒಡೆಯಿತು. ೧೯೦೩ರಲ್ಲಿ ವಾರ್ಸಾದಲ್ಲಿ ಅವನು ಈ ವಿಧಾನವನ್ನು ಕುರಿತು ಉಪನ್ಯಾಸ ಮಾಡಿದನು. ೧೯೦೬ರಲ್ಲಿ ಅದಕ್ಕೆ ಕ್ರೊಮೆಟೊಗ್ರಫಿ, ಅಂದರೆ ವರ್ಣಲೇಖನ, ಎಂದು ಹೆಸರಿಟ್ಟನು. ಮುಂದೆ ೧೯೪೧ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ ಎಂಬಿಬ್ಬರು ಈ ವಿಧಾನಕ್ಕೆ ಹೊಸ ರೂಪವನ್ನು ಕೊಟ್ಟು, ೧೯೫೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಇದರ ತತ್ವವನ್ನು ಜಾತ್ರೆಯ ಬೀದಿಯ ಉದಾಹರಣೆಯಿಂದ ತಿಳಿಯಬಹುದು. ತೇರು ನಿಂತ ಬಳಿಕ ಜನರೆಲ್ಲ ಒಟ್ಟಿಗೆ ಅಂಗಡಿಸಾಲಿನ ಒಂದು ತುದಿಯನ್ನು ಹೊಕ್ಕರೆನ್ನಿ. ಅಂಗಡಿಗಳ ಕಡೆಗೆ ಕಣ್ಣು ಹಾಯಿಸದೆ ನಡೆಯುವ ಹಿರಿಯರು ಮೊದಲು ಇನ್ನೊಂದು ತುದಿಯಲ್ಲಿ ಹೊರಬೀಳುತ್ತಾರೆ. ಬಳೆ ಕೊಳ್ಳುವವರು ಅವರ ಹಿಂದೆ ಬರುತ್ತಾರೆ. ಬೆಂಡು ಬತ್ತಾಸು, ತುತ್ತೂರಿ, ಗಿರಗಟ್ಟಲೆ ಎಂದು ಅಂಗಡಿಯಂಗಡಿಗೆ ನಿಲ್ಲುವ ಮಕ್ಕಳು ಕಡೆಯಲ್ಲಿ ಬರುತ್ತಾರೆ. ಒಟ್ಟಿಗೆ ಹೊಕ್ಕವರು ಹೀಗೆ ಗುಂಪುಗುಂಪಾಗಿ ಬೇರೆಯಾಗುವುದಕ್ಕೆ ಕಾರಣ, ಅಂಗಡಿಗಳ ಕಡೆಗೆ ಒಬ್ಬೊಬ್ಬರಿಗೂ ಇರುವ ಸೆಳೆತ ಬೇರೆ ಬೇರೆ ಎಂಬುದೇ. ವರ್ಣಲೇಖನದಲ್ಲಿ ಅಂಗಡಿಗಳ ಸ್ಥಾನದಲ್ಲಿ ಪುಡಿಯ ಕಣಗಳಿವೆ. ಜನರನ್ನು ಮುಂದಕ್ಕೆ ನೂಕುವ ನೂಕುನುಗ್ಗಲಿನ ಸ್ಥಾನದಲ್ಲಿ ಹರಿಯುವ ದ್ರವವಿದೆ.

೨. ಯಂತ್ರದ ಅಂಗಾಂಗಗಳು

ಸ್ವೆಟನ ನಳಿಗೆಯಲ್ಲಿ ದ್ರವವು ತನ್ನ ಭಾರದಿಂದ ನಿಧಾನವಾಗಿ ಇಳಿಯುತ್ತಿತ್ತು. ಕಣಗಳು ಸಣ್ಣದಾದಷ್ಟೂ ಬೇರ್ಪಡೆ ಚೊಕ್ಕಟವಾಗುತ್ತದೆ, ಆದರೆ ದ್ರವ ನುಸುಳುವುದು ಕಷ್ಟವಾಗುತ್ತದೆ. ಆದುದರಿಂದ ೧೯೬೦ರ ದಶಕದಲ್ಲಿ ವಿಜ್ಞಾನಿಗಳು ಪಂಪಿನ ಬಲದಿಂದ ದ್ರವವನ್ನು ನೂಕುವ ಏರ್ಪಾಡನ್ನು ಮಾಡಿದರು. ಅದೇ ಬೆಳೆದು ಇಂದಿನ ‘ಹೈ ಪರ್ಫಾರ್ಮೆನ್ಸ್ ಲಿಕ್ವಿಡ್ ಕ್ರೊಮೆಟೊಗ್ರಫಿ’, ಚಿಕ್ಕದಾಗಿ ಎಚ್.ಪಿ.ಎಲ್.ಸಿ., ಆಗಿದೆ.

ಇದರಲ್ಲಿ ಮುಖ್ಯವಾಗಿ ಐದು ಅಂಗಗಳುಂಟು. ಮೊದಲನೆಯದು ದ್ರವದ ಸೀಸೆಗಳು. ಇವುಗಳಲ್ಲಿ ನೀರು, ಮಿಥನಾಲ್, ಅಸಿಟೋನೈಟ್ರೈಲ್ ಮುಂತಾದವು ಇರುತ್ತವೆ. ಎರಡನೆಯದು ಪಂಪು, ಇದು ಸಾಮಾನ್ಯವಾಗಿ ನಿಮಿಷಕ್ಕೆ ೧ ಮಿಲಿಲೀಟರಿನಂತೆ ದ್ರವವನ್ನು ನೂಕುತ್ತದೆ. ಮೂರನೆಯದು ಪರೀಕ್ಷಿಸಬೇಕಾದ ಮಾದರಿಯನ್ನು ಕೆಲವೇ ಮೈಕ್ರೋಲೀಟರಿನಷ್ಟು ಅಳೆದು ಒಳಬಿಡುವ ಇಂಜೆಕ್ಟರ್. ನಾಲ್ಕನೆಯದು ಕಾಲಂ, ಇದು ಸಾಮಾನ್ಯವಾಗಿ ೧೫ರಿಂದ ೨೫ ಸೆಂಟಿಮೀಟರ್ ಉದ್ದದ, ೪.೬ ಮಿಲಿಮೀಟರ್ ಒಳವ್ಯಾಸದ ಉಕ್ಕಿನ ನಳಿಗೆ. ಇದರಲ್ಲಿ ತುಂಬಿರುವ ಸಿಲಿಕಾ ಕಣಗಳ ವ್ಯಾಸ ಬಹುಮಟ್ಟಿಗೆ ೫ ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಐದನೆಯದು ಹೊರಬರುವ ದ್ರವದ ಮೂಲಕ ಅತಿನೇರಳೆ ಕಿರಣವನ್ನು ಹಾಯಿಸಿ, ಯಾವ ಕ್ಷಣದಲ್ಲಿ ಏನು ಹಾದುಹೋಯಿತೆಂಬುದನ್ನು ತಿಳಿಸುವ ಡಿಟೆಕ್ಟರ್. ಬರಿಯ ದ್ರವ ಹರಿಯುತ್ತಿರುವಾಗ ಕಂಪ್ಯೂಟರಿನ ಪರದೆಯ ಮೇಲೆ ಸಮನಾದ ರೇಖೆ ಮೂಡುತ್ತದೆ. ಪದಾರ್ಥವೊಂದು ಹಾಯುವಾಗ ಆ ರೇಖೆ ಬೆಟ್ಟದಂತೆ ಎದ್ದು ಇಳಿಯುತ್ತದೆ. ಈ ಬೆಟ್ಟಕ್ಕೆ ಶಿಖರವೆಂದು ಹೆಸರು. ಶಿಖರ ಬಂದ ಕಾಲವು ಪದಾರ್ಥ ಯಾವುದೆಂಬುದಕ್ಕೆ ಸುಳಿವು. ಅದರ ವಿಸ್ತೀರ್ಣವು ಎಷ್ಟೆಂಬುದಕ್ಕೆ ಲೆಕ್ಕ.

೩. ಒತ್ತಡವೇ ಯಂತ್ರದ ನಾಡಿ

ವೈದ್ಯರು ನಾಡಿ ಹಿಡಿದು ನೋಡುವಂತೆ, ಈ ಯಂತ್ರದ ಆರೋಗ್ಯವನ್ನು ಒತ್ತಡದ ಅಂಕಿಯಿಂದ ತಿಳಿಯಬಹುದು. ಸಾಮಾನ್ಯ ಕಾಲಮಿನಲ್ಲಿ ೧೦೦ರಿಂದ ೨೦೦ ಬಾರ್ ಒತ್ತಡವಿರುತ್ತದೆ. ೧೫೦ ಬಾರ್ ಎಂದರೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಒತ್ತುವಷ್ಟು ಬಲ. ದ್ರವದ ಹರಿವು ಹೆಚ್ಚಿದರೆ, ಕಾಲಂ ಉದ್ದವಾದರೆ, ದ್ರವದ ಸ್ನಿಗ್ಧತೆ ಹೆಚ್ಚಿದರೆ ಒತ್ತಡವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಕಣಗಳ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಹೊಲದಲ್ಲಿ ಹನಿ ನೀರಾವರಿ ಮಾಡಿಸಿರುವ ರೈತರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಗಡಸು ನೀರಿನ ಉಪ್ಪು ಕಟ್ಟಿಕೊಂಡು ಹನಿ ಬೀಳುವ ತೂತು ಮುಚ್ಚುತ್ತದೆ. ಪಾಚಿ ಬೆಳೆದು ಫಿಲ್ಟರ್ ಕಟ್ಟುತ್ತದೆ. ಆಗ ಒತ್ತಡದ ಮುಳ್ಳು ಮೇಲೇರುತ್ತದೆ. ಪೈಪು ಒಡೆದರೆ ಮುಳ್ಳು ಕೆಳಗಿಳಿಯುತ್ತದೆ. ಬಾವಿಯಲ್ಲಿ ನೀರು ತಗ್ಗಿ ಪಂಪು ಗಾಳಿ ಹಿಡಿದರೆ ಮುಳ್ಳು ಕುಣಿಯುತ್ತದೆ. ಎಚ್.ಪಿ.ಎಲ್.ಸಿ.ಯಲ್ಲಿಯೂ ನಡೆಯುವುದು ಈ ಮೂರೇ.

ಒತ್ತಡ ಏರಿದಾಗ: ಎಲ್ಲಿಯೋ ಅಡಚಣೆಯಾಗಿದೆಯೆಂದು ತಿಳಿಯಬೇಕು. ಸೋಸದ ಮಾದರಿಯಲ್ಲಿನ ಕಸ, ನೀರಿನ ಸೀಸೆಯಲ್ಲಿ ಹಲವು ದಿನ ಇಟ್ಟದ್ದರಿಂದ ಬೆಳೆದ ಸೂಕ್ಷ್ಮಜೀವಿಗಳು, ಪಂಪಿನ ಸವೆದ ಸೀಲಿನ ಚೂರುಗಳು, ಇವೆಲ್ಲ ಕಾಲಮಿನ ಬಾಯಿಯಲ್ಲಿರುವ ಜಾಲರಿಯಂಥ ಬಿಲ್ಲೆಯನ್ನು ಕಟ್ಟುತ್ತವೆ. ಫಾಸ್ಫೇಟಿನಂಥ ಲವಣ ಕರಗಿರುವ ನೀರಿಗೆ ಅಸಿಟೋನೈಟ್ರೈಲ್ ಅತಿಯಾಗಿ ಸೇರಿದರೆ, ಆ ಲವಣವು ನಳಿಗೆಯೊಳಗೆಯೇ ಹರಳುಗಟ್ಟುತ್ತದೆ. ಅದಕ್ಕಾಗಿಯೇ ಕೆಲಸ ಮುಗಿದ ಮೇಲೆ ಲವಣದ ದ್ರವವನ್ನು ಮೊದಲು ಲವಣವಿಲ್ಲದ ನೀರು ಬೆರೆತ ದ್ರವದಿಂದ ತೊಳೆದು, ಅನಂತರ ಮಿಥನಾಲಿನಂಥ ದ್ರವವನ್ನು ಹರಿಸುವ ಪದ್ಧತಿ ಇದೆ.

ಅಡಚಣೆ ಇರುವ ಸ್ಥಳವನ್ನು ಕಂಡುಹಿಡಿಯುವ ಕ್ರಮ ಸರಳವಾಗಿದೆ. ಕೆಳಗಿನ ತುದಿಯಿಂದ ಹಿಂದಕ್ಕೆ ಬರಬೇಕು. ಪಂಪನ್ನು ನಿಲ್ಲಿಸಿ, ಕಾಲಮಿನ ಹೊರಬಾಯಿಯ ಜೋಡಣೆಯನ್ನು ಬಿಚ್ಚಿ, ಮತ್ತೆ ನಡೆಸಬೇಕು. ಒತ್ತಡ ಎಂದಿನ ಅಂಕಿಗೆ ಇಳಿದರೆ ಅಡಚಣೆ ಡಿಟೆಕ್ಟರಿನ ಕಡೆಗಿದೆ. ಇಳಿಯದಿದ್ದರೆ ಕಾಲಮಿನ ಒಳಬಾಯಿಯನ್ನು ಬಿಚ್ಚಬೇಕು. ಆಗ ಒತ್ತಡ ಬಹುಪಾಲು ಇಳಿದುಹೋದರೆ ದೋಷ ಕಾಲಮಿನಲ್ಲಿದೆ. ಆಗಲೂ ನಿಂತಿದ್ದರೆ ಇಂಜೆಕ್ಟರಿನಲ್ಲಿಯೋ ಅದರ ಹಿಂದಿನ ನಳಿಗೆಗಳಲ್ಲಿಯೋ ಇದೆ. ಹೀಗೆ ಒಂದೊಂದೇ ಜೋಡಣೆಯನ್ನು ಬಿಚ್ಚುತ್ತಾ ಹಿಂದಕ್ಕೆ ಬಂದರೆ ದೋಷವು ತಪ್ಪಿಸಿಕೊಳ್ಳಲಾರದು.

ಏರಿದ ಒತ್ತಡವೆಲ್ಲ ದೋಷವೂ ಅಲ್ಲ. ನೀರು ಮತ್ತು ಮಿಥನಾಲ್ ಹೆಚ್ಚುಕಡಿಮೆ ಸಮಸಮವಾಗಿ ಬೆರೆತಾಗ ಆ ಮಿಶ್ರಣದ ಸ್ನಿಗ್ಧತೆಯು ಬರಿಯ ನೀರಿಗಿಂತಲೂ, ಬರಿಯ ಮಿಥನಾಲಿಗಿಂತಲೂ ಹೆಚ್ಚು. ಆದುದರಿಂದ ನೀರಿನಿಂದ ಮಿಥನಾಲಿನ ಕಡೆಗೆ ಮೆಲ್ಲಮೆಲ್ಲನೆ ಸಾಗುವ ಪ್ರಯೋಗಗಳಲ್ಲಿ ಒತ್ತಡ ನಡುವೆ ಏರಿ ಮತ್ತೆ ಇಳಿಯುವುದು ಸಹಜ. ಈ ಸಂಗತಿಯನ್ನರಿಯದ ಹೊಸಬರು ಹೆದರಿ ಪಂಪನ್ನು ನಿಲ್ಲಿಸುವುದುಂಟು.

ಒತ್ತಡ ಇಳಿದಾಗ: ದ್ರವದ ಸೀಸೆ ಬರಿದಾಗಿದೆಯೇ, ಜೋಡಣೆಗಳಲ್ಲಿ ಸೋರಿಕೆಯಿದೆಯೇ, ಪಂಪಿನ ಸೀಲು ಸವೆದಿದೆಯೇ ಎಂದು ನೋಡಬೇಕು. ಒಣಗಿದ ಜೋಡಣೆಯ ಸುತ್ತ ಬಿಳಿಯ ಉಪ್ಪು ಕಂಡರೆ ಅಲ್ಲಿ ಹಿಂದೆ ಸೋರಿತ್ತೆಂಬುದಕ್ಕೆ ಗುರುತು.

ಒತ್ತಡ ತೂಗಾಡಿದಾಗ: ಬಹುಮಟ್ಟಿಗೆ ಕಾರಣ ಗಾಳಿಯ ಗುಳ್ಳೆ. ನೀರಿನಲ್ಲಿಯೂ ಮಿಥನಾಲಿನಲ್ಲಿಯೂ ಗಾಳಿ ಕರಗಿರುತ್ತದೆ. ಎರಡನ್ನೂ ಬೆರೆಸಿದಾಗ ಮಿಶ್ರಣಕ್ಕೆ ಅಷ್ಟು ಗಾಳಿಯನ್ನು ಹಿಡಿದಿಡುವ ಶಕ್ತಿ ಇಲ್ಲದ್ದರಿಂದ ಗುಳ್ಳೆಗಳು ಹೊರಬರುತ್ತವೆ. ದ್ರವವನ್ನು ಹಿಚುಕಿದರೆ ಅದು ಮುಂದಕ್ಕೆ ಹೋಗುತ್ತದೆ. ಗುಳ್ಳೆಯನ್ನು ಹಿಚುಕಿದರೆ ಅದು ಕುಗ್ಗಿ ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಪಂಪಿನ ಆ ಹೊಡೆತ ವ್ಯರ್ಥವಾಗುತ್ತದೆ. ಇದಕ್ಕೆ ಪರಿಹಾರ, ದ್ರವದಲ್ಲಿ ಕರಗಿದ ಗಾಳಿಯನ್ನು ನಿರ್ವಾತದಿಂದಲೋ ಹೀಲಿಯಂ ಅನಿಲವನ್ನು ಹಾಯಿಸಿಯೋ ತೆಗೆಯುವುದು, ಮತ್ತು ಪಂಪಿನಲ್ಲಿ ಸಿಕ್ಕಿಕೊಂಡ ಗುಳ್ಳೆಯನ್ನು ಹೆಚ್ಚಿನ ಹರಿವಿನಿಂದ ಹೊರಹಾಕುವುದು. ಎರಡನೆಯ ಕಾರಣ ಕವಾಟದ ದೋಷ. ಪಂಪಿನ ಕವಾಟದಲ್ಲಿ ಮಾಣಿಕ್ಯದ ಸಣ್ಣ ಗುಂಡೊಂದು ನೀಲದ ಪೀಠದ ಮೇಲೆ ಕುಳಿತು, ದ್ರವ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒಡವೆಯ ಹೆಸರನ್ನು ಕೇಳಿ ಬೆರಗಾಗಬೇಕಾಗಿಲ್ಲ. ಇವು ಕೃತಕವಾಗಿ ಬೆಳೆಸಿದ ಹರಳುಗಳು, ಸವೆಯದ ಗುಣಕ್ಕಾಗಿ ಇವನ್ನು ಆರಿಸಿದ್ದಾರೆ. ಆ ಗುಂಡಿಗೆ ಕೊಳೆ ಅಂಟಿದರೆ ದ್ರವ ಹಿಂದಕ್ಕೆ ಸರಿಯುತ್ತದೆ. ಒತ್ತಡದ ಕುಣಿತವು ಪಂಪಿನ ಹೊಡೆತಕ್ಕೆ ಸರಿಯಾಗಿ ತಾಳಬದ್ಧವಾಗಿದ್ದರೆ ಪಂಪಿನೊಳಗೇ ಕಾರಣವನ್ನು ಹುಡುಕಬೇಕು.

೪. ಕರೆಯದೆ ಬಂದ ಶಿಖರ

ಇನ್ನು ಎರಡನೆಯ ತೊಡಕು. ಮಾದರಿಯಲ್ಲಿ ಮೂರು ಪದಾರ್ಥಗಳಿವೆಯೆಂದು ತಿಳಿದು ಮೂರು ಶಿಖರಗಳನ್ನು ನಿರೀಕ್ಷಿಸಿದ ಕಡೆ ನಾಲ್ಕನೆಯದೊಂದು ಎದ್ದು ನಿಲ್ಲುತ್ತದೆ. ಪ್ರಯೋಗಶಾಲೆಯವರು ಇದನ್ನು ಭೂತಶಿಖರವೆಂದು ಕರೆಯುವುದುಂಟು. ಭೂತವೆಂದು ಕೇಳಿ ಓಡುವುದು ವಿಜ್ಞಾನದ ರೀತಿಯಲ್ಲ. ಬಂದವನು ಯಾವ ಬಾಗಿಲಿನಿಂದ ಬಂದನೆಂದು ವಿಚಾರಿಸಬೇಕು. ಆ ಬಾಗಿಲುಗಳು ನಾಲ್ಕು.

ಮೊದಲನೆಯದು ದ್ರವ. ನೀರಿನಲ್ಲಿ ಕಣ್ಣಿಗೆ ಕಾಣದ ಎಣ್ಣೆಯಂಥ ಕೊಳೆ ಲೇಶಮಾತ್ರ ಇದ್ದರೂ ಅದು ಕಾಲಮಿನ ಬಾಯಲ್ಲಿ ಶೇಖರವಾಗುತ್ತಾ ಇದ್ದು, ಮಿಥನಾಲಿನ ಪ್ರಮಾಣ ಹೆಚ್ಚಿದೊಡನೆ ಒಟ್ಟಾಗಿ ಹೊರಬಂದು ಶಿಖರವಾಗುತ್ತದೆ. ಪರೀಕ್ಷೆ ಹೀಗೆ: ಏನನ್ನೂ ಒಳಬಿಡದೆ ಪ್ರಯೋಗವನ್ನು ನಡೆಸಬೇಕು. ಆಗಲೂ ಶಿಖರ ಬಂದರೆ ಮಾದರಿ ನಿರಪರಾಧಿ. ಪ್ರಯೋಗಕ್ಕೆ ಮುಂಚೆ ನೀರನ್ನು ಹೆಚ್ಚು ಹೊತ್ತು ಹರಿಸಿದಷ್ಟೂ ಶಿಖರ ದೊಡ್ಡದಾದರೆ ಅಪರಾಧಿ ನೀರೇ ಎಂಬುದು ನಿಶ್ಚಯ.

ಎರಡನೆಯದು ಇಂಜೆಕ್ಟರ್. ಹಿಂದಿನ ಮಾದರಿಯ ಅಂಶ ಸೂಜಿಯಲ್ಲಿ ಅಂಟಿಕೊಂಡಿದ್ದು ಮುಂದಿನದರೊಡನೆ ಬರುತ್ತದೆ. ಮೊಸರಿನ ಸೌಟನ್ನು ತೊಳೆಯದೆ ಹಾಲಿನ ಪಾತ್ರೆಗೆ ಹಾಕಿದಂತೆ. ಬರಿಯ ದ್ರವವನ್ನೇ ಮಾದರಿಯಂತೆ ಮತ್ತೆ ಮತ್ತೆ ಒಳಬಿಟ್ಟು ನೋಡಬೇಕು. ಶಿಖರ ಪ್ರತಿಸಲವೂ ಕುಗ್ಗುತ್ತಾ ಹೋದರೆ ಇದೇ ಕಾರಣ.

ಮೂರನೆಯದು ಹಿಂದಿನ ಪ್ರಯೋಗದ ತಡವಾದ ಪ್ರಯಾಣಿಕ. ಕಾಲಮಿನಲ್ಲಿ ಹೆಚ್ಚು ಹೊತ್ತು ಇದ್ದ ಪದಾರ್ಥದ ಶಿಖರ ಅಗಲವಾಗಿರುತ್ತದೆ. ಬೇಗ ಬಂದದ್ದು ಚೂಪಾಗಿರುತ್ತದೆ. ದ್ರವದ ಮಿಶ್ರಣ ಬದಲಾಗದ ಪ್ರಯೋಗದಲ್ಲಿ ಚೂಪಾದ ಶಿಖರಗಳ ನಡುವೆ ಅಗಲವಾದ ದಿಬ್ಬವೊಂದು ಕಂಡರೆ ಅದು ಈ ಸಲದ್ದಲ್ಲ, ಹಿಂದಿನ ಸಲ ಒಳಹೊಕ್ಕು ಈಗ ಹೊರಬಂದದ್ದು. ಪ್ರಯೋಗವನ್ನು ಇನ್ನಷ್ಟು ಹೊತ್ತು ನಡೆಸಿದರೆ ಅದು ತನ್ನ ನಿಜವಾದ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು ಮಾದರಿಯೇ. ಪದಾರ್ಥ ಬೆಳಕಿಗೋ ಬಿಸಿಗೋ ಕೆಟ್ಟಿರಬಹುದು. ಪ್ಲಾಸ್ಟಿಕ್ ಸೀಸೆಯಿಂದ ಏನೋ ಕರಗಿ ಬಂದಿರಬಹುದು. ಅಥವಾ ತಯಾರಿಕೆಯಲ್ಲಿಯೇ ಅಶುದ್ಧಿ ಸೇರಿರಬಹುದು. ಒಳಬಿಟ್ಟ ಮಾದರಿಯನ್ನು ಇಮ್ಮಡಿ ಮಾಡಿದಾಗ ಶಿಖರವೂ ಇಮ್ಮಡಿಯಾದರೆ, ಮತ್ತು ಬರಿಯ ದ್ರಾವಕವನ್ನು ಒಳಬಿಟ್ಟಾಗ ಅದು ಕಾಣದಿದ್ದರೆ, ಅದು ಮಾದರಿಯದೇ ಎನ್ನಬೇಕಾಗುತ್ತದೆ.

ಇವಲ್ಲದೆ ಸೂಜಿಯ ಮೊನೆಯಂತೆ ಎದ್ದು ಕ್ಷಣದಲ್ಲಿ ಮಾಯವಾಗುವ, ಕಾಲನಿಯಮವಿಲ್ಲದ ಗೆರೆಗಳುಂಟು. ಅವು ಸಾಮಾನ್ಯವಾಗಿ ಡಿಟೆಕ್ಟರಿನೊಳಗೆ ಹಾಯ್ದ ಗಾಳಿಯ ಗುಳ್ಳೆಗಳು.

ಈ ಎಲ್ಲ ವಿಚಾರಣೆಯಲ್ಲಿ ಪಾಲಿಸತಕ್ಕ ಮುಖ್ಯ ನಿಯಮ ಒಂದುಂಟು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕಾಲಮನ್ನೂ ದ್ರವವನ್ನೂ ಸೂಜಿಯನ್ನೂ ಒಟ್ಟಿಗೆ ಬದಲಾಯಿಸಿದವನ ಯಂತ್ರ ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತೆಂಬುದು ಅವನಿಗೆ ತಿಳಿಯುವುದಿಲ್ಲ. ನಾಳೆ ಅದೇ ದೋಷ ಮರಳಿದಾಗ ಅವನು ಇಂದಿನಷ್ಟೇ ಅಜ್ಞಾನಿಯಾಗಿರುತ್ತಾನೆ.

೫. ಶಿಖರವನ್ನು ಏಕೆ ಅಲಕ್ಷಿಸಬಾರದು?

“ಇಷ್ಟು ಸಣ್ಣ ಶಿಖರಕ್ಕೆ ಇಷ್ಟು ವಿಚಾರಣೆಯೇಕೆ?” ಎಂದು ಕೇಳಬಹುದು. ಎರಡು ನಿದರ್ಶನಗಳನ್ನು ಕೊಡುತ್ತೇವೆ.

೧೯೮೯ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕೆಲವು ರೋಗಿಗಳಿಗೆ ಸಹಿಸಲಾಗದ ಸ್ನಾಯುನೋವು ಕಾಣಿಸಿಕೊಂಡು, ರಕ್ತದಲ್ಲಿ ಒಂದು ಬಗೆಯ ಬಿಳಿ ಕಣಗಳು ಮಿತಿಮೀರಿ ಹೆಚ್ಚಿದ್ದುವು. ಅವರೆಲ್ಲರೂ ನಿದ್ರೆ ಮೊದಲಾದ ಕಾರಣಗಳಿಗಾಗಿ ಎಲ್-ಟ್ರಿಪ್ಟೊಫಾನ್ ಎಂಬ ಮಾತ್ರೆಯನ್ನು ಸೇವಿಸುತ್ತಿದ್ದರು. ಕಡೆಗೆ ಅಮೆರಿಕದಲ್ಲಿ ೧೫೦೦ಕ್ಕಿಂತ ಹೆಚ್ಚು ಮಂದಿ ಈ ರೋಗಕ್ಕೆ ಗುರಿಯಾದರು. ೩೦ಕ್ಕಿಂತ ಹೆಚ್ಚು ಮಂದಿ ಸತ್ತರು. ರೋಗಿಗಳು ಸೇವಿಸಿದ ಮಾತ್ರೆಗಳ ಮೂಲದ್ರವ್ಯ ಬಹುಪಾಲು ಜಪಾನಿನ ಒಂದೇ ತಯಾರಕರದೆಂದು ತಿಳಿದುಬಂದಿತು. ಅದನ್ನು ದ್ರವ ವರ್ಣಲೇಖನಕ್ಕೆ ಒಡ್ಡಿದಾಗ, ಟ್ರಿಪ್ಟೊಫಾನಿನ ದೊಡ್ಡ ಶಿಖರದ ಜೊತೆಗೆ ಇತರ ಸಣ್ಣ ಶಿಖರಗಳು ಕಂಡುವು. ಅವುಗಳಲ್ಲಿ ಒಂದು ರೋಗಿಗಳ ಮಾತ್ರೆಗಳಲ್ಲಿ ವಿಶೇಷವಾಗಿ ಕಾಣಿಸಿತು. ಅದಕ್ಕೆ ‘ಇ’ ಶಿಖರವೆಂದು ಹೆಸರಿಟ್ಟರು. ತಯಾರಕರು ತಮ್ಮ ಬ್ಯಾಕ್ಟೀರಿಯಾದ ತಳಿಯನ್ನು ಬದಲಾಯಿಸಿದ್ದುದೂ, ಶುದ್ಧಿಗೊಳಿಸಲು ಬಳಸುವ ಇದ್ದಿಲಿನ ಪುಡಿಯನ್ನು ಕಡಿಮೆಮಾಡಿದ್ದುದೂ ಬೆಳಕಿಗೆ ಬಂದುವು. ರೋಗವನ್ನು ತಂದದ್ದು ಆ ಒಂದು ಪದಾರ್ಥವೇ ಎಂಬುದು ನಿಸ್ಸಂದೇಹವಾಗಿ ಸ್ಥಾಪಿತವಾಗಿಲ್ಲ. ಆದರೆ ಒಟ್ಟಿನಲ್ಲಿ ಶುದ್ಧವೆನಿಸಿದ ವಸ್ತುವಿನಲ್ಲಿಯೂ ಅಲ್ಪ ಶಿಖರವೊಂದು ಅಪಾಯದ ಗುರುತಾಗಿರಬಹುದೆಂಬುದು ಜಗತ್ತಿಗೆ ಮನವರಿಕೆಯಾಯಿತು. ಇಂದು ದಿನಕ್ಕೆ ೨ ಗ್ರಾಂವರೆಗೆ ಸೇವಿಸುವ ಔಷಧದ ಮೂಲದ್ರವ್ಯದಲ್ಲಿ ಸಾಮಾನ್ಯವಾಗಿ ಶೇಕಡ ೦.೧೦ನ್ನು ಮೀರಿದ ಅಶುದ್ಧಿ ಯಾವುದೆಂದು ಗುರುತಿಸಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಇದೆ. ನೂರು ರೂಪಾಯಿಯಲ್ಲಿ ಹತ್ತು ಪೈಸೆಗೂ ಲೆಕ್ಕ ಕೊಡಬೇಕೆಂದಂತಾಯಿತು.

ಎರಡನೆಯ ನಿದರ್ಶನ ಇದಕ್ಕೆ ವಿರುದ್ಧ ಬಗೆಯದು. ಹೊಟ್ಟೆಯುರಿಗೆ ಕೊಡುತ್ತಿದ್ದ ರಾನಿಟಿಡಿನ್ ಮಾತ್ರೆಯಲ್ಲಿ ಎನ್.ಡಿ.ಎಂ.ಎ. ಎಂಬ, ಕ್ಯಾನ್ಸರ್ ತರಬಹುದಾದ ಪದಾರ್ಥವು ಅತಿ ಹೆಚ್ಚಿನ ಪ್ರಮಾಣದಲ್ಲಿದೆಯೆಂದು ೨೦೧೯ರಲ್ಲಿ ಅಮೆರಿಕದ ಒಂದು ಪ್ರಯೋಗಶಾಲೆ ವರದಿಮಾಡಿತು. ಆ ಪರೀಕ್ಷೆಯಲ್ಲಿ ಮಾದರಿಯನ್ನು ೧೩೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಗಿತ್ತು. ಆ ಬಿಸಿಗೆ ರಾನಿಟಿಡಿನ್ ತಾನೇ ಒಡೆದು ಎನ್.ಡಿ.ಎಂ.ಎ. ಉಂಟಾಗುತ್ತದೆಂದು ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ತೋರಿಸಿತು. ಅಂದರೆ ಅಳೆಯುವ ವಿಧಾನವೇ ಅಳೆಯಬೇಕಾದುದನ್ನು ಸೃಷ್ಟಿಸಿತ್ತು. ಅಷ್ಟು ಬಿಸಿಯಿಲ್ಲದ ದ್ರವ ವರ್ಣಲೇಖನದಿಂದ ಮತ್ತೆ ಪರೀಕ್ಷಿಸಿದಾಗ ಪ್ರಮಾಣ ಬಹಳ ಕಡಿಮೆ ಎಂದು ಕಂಡಿತು. ಹಾಗೆಂದು ಅವರು ಅಲ್ಲಿಗೇ ಬಿಡಲಿಲ್ಲ. ದಿನಕ್ಕೆ ೯೬ ನ್ಯಾನೋಗ್ರಾಂ ಎಂಬ ಮಿತಿಯನ್ನು ಕೆಲವು ಮಾತ್ರೆಗಳು ಮೀರಿದ್ದುವು. ದಾಸ್ತಾನಿನಲ್ಲಿ ಕಾಲ ಕಳೆದಂತೆ, ಸೆಕೆ ಹೆಚ್ಚಿದಂತೆ, ಆ ಪ್ರಮಾಣ ಏರುತ್ತದೆಂದೂ ತಿಳಿಯಿತು. ೨೦೨೦ರ ಏಪ್ರಿಲಿನಲ್ಲಿ ಆ ಮಾತ್ರೆಯನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆಯುವಂತೆ ಸಂಸ್ಥೆ ಕೇಳಿಕೊಂಡಿತು. ಮೊದಲ ಅಂಕಿಯನ್ನು ಕುರುಡಾಗಿ ನಂಬಿದ್ದರೂ ತಪ್ಪಾಗುತ್ತಿತ್ತು. ವಿಧಾನದ ದೋಷವೆಂದು ಹೇಳಿ ಕೈತೊಳೆದುಕೊಂಡಿದ್ದರೂ ತಪ್ಪಾಗುತ್ತಿತ್ತು.

ಪ್ರಯೋಗಶಾಲೆಯಲ್ಲಿ ಕುಳಿತ ತರುಣನ ಮುಂದೆ ಒಂದು ಆಸೆ ಸದಾ ಇರುತ್ತದೆ. ಬೇಡದ ಶಿಖರ ಬಂದಿದೆ, ಸಂಜೆಯಾಗಿದೆ, ಸರಕು ಲಾರಿಗೆ ಏರಬೇಕಾಗಿದೆ. ಇನ್ನೊಮ್ಮೆ, ಮತ್ತೊಮ್ಮೆ ಒಳಬಿಟ್ಟು, ಒಳ್ಳೆಯದಾಗಿ ಬಂದ ಫಲಿತಾಂಶವನ್ನು ಮಾತ್ರ ಉಳಿಸಿಕೊಂಡರೆ ಯಾರಿಗೆ ತಿಳಿಯುತ್ತದೆ? ಇದು ಸಲ್ಲದು. ೧೯೯೩ರಲ್ಲಿ ಅಮೆರಿಕದ ನ್ಯೂಜೆರ್ಸಿಯ ನ್ಯಾಯಾಲಯವೊಂದು, ಕಾರಣವನ್ನು ವಿಚಾರಿಸದೆ ಸರಿಯಾದ ಅಂಕಿ ಬರುವ ತನಕ ಮರುಪರೀಕ್ಷೆ ಮಾಡುತ್ತಾ ಹೋಗುವುದನ್ನು ಒಪ್ಪಲಾಗದೆಂದು ತೀರ್ಪು ಕೊಟ್ಟಿತು. ಶಿಖರವನ್ನು ಅಳಿಸುವುದಾದರೆ ಅದು ಯಾವ ಬಾಗಿಲಿನಿಂದ ಬಂದಿತೆಂಬುದನ್ನು ಪ್ರಮಾಣಸಹಿತ ಬರೆದಿಟ್ಟು ಅಳಿಸಬೇಕು. ಬರೆಯಲಾಗದಿದ್ದರೆ ಅಳಿಸಕೂಡದು. ಆ ಮಾತ್ರೆಯನ್ನು ನುಂಗುವವರು ಅವನ ಹೆಸರನ್ನೂ ಅರಿಯರು, ಮುಖವನ್ನೂ ಕಾಣರು. ಆದರೂ ಅವನನ್ನು ನಂಬಿಯೇ ನುಂಗುತ್ತಾರೆ.

೬. ಮನೆಯಲ್ಲಿಯೇ ಮಾಡಿ ನೋಡಿರಿ

ಮಕ್ಕಳೇ, ಇದೆಲ್ಲವನ್ನೂ ಕಾಣಲು ಬೆಲೆಬಾಳುವ ಯಂತ್ರ ಬೇಕಾಗಿಲ್ಲ. ಎರಡು ಬಿಳಿಯ ಸೀಮೆಸುಣ್ಣದ ಕಡ್ಡಿಗಳನ್ನು ತೆಗೆದುಕೊಳ್ಳಿರಿ. ಒಂದರ ಬುಡದಿಂದ ಎರಡು ಬೆರಳಗಲ ಮೇಲೆ, ನೀರಿನಲ್ಲಿ ಕರಗುವ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆಯಿರಿ. ಇನ್ನೊಂದಕ್ಕೆ ಏನನ್ನೂ ಹಚ್ಚಬೇಡಿರಿ. ಎರಡು ಲೋಟಗಳಲ್ಲಿ ಒಂದು ಬೆರಳಗಲ ನೀರು ಹಾಕಿ, ಗೆರೆ ನೀರಿಗೆ ಮುಳುಗದಂತೆ ಕಡ್ಡಿಗಳನ್ನು ನಿಲ್ಲಿಸಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ಮೇಲೇರಿ, ಕಪ್ಪು ಬಣ್ಣದೊಳಗೆ ಅಡಗಿದ್ದ ಬೇರೆ ಬಣ್ಣಗಳು ಪಟ್ಟೆಪಟ್ಟೆಯಾಗಿ ಬಿಡಿಸಿಕೊಳ್ಳುತ್ತವೆ. ಯಾವ ಬಣ್ಣ ಮುಂದೆ ಹೋಯಿತು, ಯಾವುದು ಹಿಂದುಳಿಯಿತು ಎಂದು ಬರೆದುಕೊಳ್ಳಿರಿ.

ಎರಡನೆಯ ಕಡ್ಡಿ ಏತಕ್ಕೆಂದು ಕೇಳುವಿರಿ. ಅದರಲ್ಲಿಯೂ ಬಣ್ಣ ಕಂಡರೆ ಆ ಬಣ್ಣ ಪೆನ್ನಿನದಲ್ಲ, ನೀರಿನದೋ ಲೋಟದ್ದೋ ಕಡ್ಡಿಯದೋ ಇರಬೇಕು. ಮೇಲೆ ಹೇಳಿದ, ಏನನ್ನೂ ಒಳಬಿಡದೆ ನಡೆಸುವ ಪ್ರಯೋಗ ಇದೇ. ಏನೂ ಇಲ್ಲದ ಕಡ್ಡಿಯನ್ನು ಇದ್ದ ಕಡ್ಡಿಯಷ್ಟೇ ಆಸ್ಥೆಯಿಂದ ನೋಡುವ ಅಭ್ಯಾಸವು ಈ ವಯಸ್ಸಿನಲ್ಲಿಯೇ ಬಂದರೆ, ಮುಂದೆ ಯಾವ ಯಂತ್ರದ ಮುಂದೆ ಕುಳಿತರೂ ಅದು ಕೈಬಿಡುವುದಿಲ್ಲ. ಪೋಷಕರು ಈ ಪ್ರಯೋಗದಲ್ಲಿ ಮಕ್ಕಳ ಜೊತೆಗೆ ಕುಳಿತು, ಅವರು ಕಂಡದ್ದನ್ನು ಕಂಡಂತೆಯೇ ಬರೆಯುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ. ಕಪ್ಪು ಬಣ್ಣ ಒಡೆಯದೆ ಹಾಗೆಯೇ ಉಳಿದರೆ, ಹಾಗೆಂದೇ ಬರೆಯಲಿ. ಬಳಿಕ ಬೇರೊಂದು ಪೆನ್ನಿನಿಂದ ಮಾಡಿ ನೋಡಲಿ. ಹಾಳೆಗಳನ್ನು ವಿಜ್ಞಾನದ ಉಪಾಧ್ಯಾಯರಿಗೆ ತಂದು ಒಪ್ಪಿಸಿದರೆ ತರಗತಿಯಲ್ಲಿ ಎಲ್ಲರೆದುರಿಗೂ ಓದಿಸಿ ಚರ್ಚಿಸಲಾಗುವುದು.